ಪುದೀನ ಕುಟುಂಬದ ಗಿಡಗಳಲ್ಲಿ ಔಷಧದ ಅಂಶ ತಯಾರಾಗುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಪುದೀನ ಕುಟುಂಬ ಅಂದರೆ ಯಾವ ಯಾವ ಗಿಡಗಳು?

ಸಸ್ಯಶಾಸ್ತ್ರದಲ್ಲಿ ಈ ಕುಟುಂಬದ ಹೆಸರು ಲೇಮಿಯೇಸಿ. ಇದರಲ್ಲಿ ಸುಮಾರು 7,000 ಜಾತಿಗಳಿವೆ. ಪುದೀನ, ತುಳಸಿ, ಕಾಮಕಸ್ತೂರಿ, ದೊಡ್ಡಪತ್ರೆ, ತುಂಬೆ, ಲಕ್ಕಿ ಇವೆಲ್ಲ ಒಂದೇ ಮನೆಯವು. ರೋಸ್ಮರಿ, ಥೈಮ್, ಒರೆಗಾನೊ, ಸೇಜ್, ಲ್ಯಾವೆಂಡರ್, ಪಚೌಲಿ ಕೂಡ ಇದೇ ಮನೆಯವೇ. ತೇಗದ ಮರವನ್ನೂ ಈಗ ಇಲ್ಲಿಗೇ ಸೇರಿಸಿದ್ದಾರೆ ಅಂದರೆ ಹಲವರಿಗೆ ಆಶ್ಚರ್ಯವಾಗುತ್ತದೆ.

ಗುರುತು ಹಿಡಿಯುವುದು ಕಷ್ಟವೇನಲ್ಲ. ಕಾಂಡವನ್ನು ಬೆರಳುಗಳ ನಡುವೆ ಹೊರಳಿಸಿ ನೋಡಿ, ಸಾಮಾನ್ಯವಾಗಿ ಚೌಕವಾಗಿರುತ್ತದೆ. ಎಲೆಗಳು ಎದುರುಬದುರಾಗಿ ಜೋಡಿಯಲ್ಲಿ ಬರುತ್ತವೆ. ಹೂವಿಗೆ ಮೇಲೊಂದು ಕೆಳಗೊಂದು ತುಟಿ ಇದ್ದಂತೆ ಕಾಣುತ್ತದೆ. ಈ ಕುಟುಂಬದ ಹಳೆಯ ಹೆಸರು ಲೇಬಿಯೇಟೆ. ಅದು ಬಂದಿದ್ದೇ ಲ್ಯಾಟಿನ್ ಭಾಷೆಯ ‘ತುಟಿ’ ಎಂಬ ಪದದಿಂದ. ಆದರೆ ಚೌಕ ಕಾಂಡ ಬೇರೆ ಕೆಲವು ಕುಟುಂಬಗಳಲ್ಲೂ ಇದೆ. ಆ ಒಂದೇ ಗುರುತು ನಂಬಿ ಯಾವ ಗಿಡವನ್ನೂ ಬಾಯಿಗೆ ಹಾಕಬೇಡಿ.

ಎಲೆಯನ್ನು ಉಜ್ಜಿದಾಗ ಮಾತ್ರ ಘಮ್ಮೆನ್ನುತ್ತದೆ. ಆ ಪರಿಮಳ ಅಲ್ಲಿಯವರೆಗೆ ಎಲ್ಲಿರುತ್ತದೆ?

ಎಲೆಯ ಮೇಲಿನ ಕೂದಲುಗಳಲ್ಲಿ. ಪುದೀನದ ಎಲೆಯ ಹಿಂಭಾಗವನ್ನು ಒಳ್ಳೆಯ ಭೂತಗನ್ನಡಿಯಲ್ಲಿ ಬೆಳಕಿಗೆ ಹಿಡಿದು ನೋಡಿ. ಸಣ್ಣ ಸಣ್ಣ ಹೊಳೆಯುವ ಚುಕ್ಕೆಗಳು ಕಾಣುತ್ತವೆ. ನಾನು ಮೊದಲ ಸಲ ನೋಡಿದಾಗ ಎಲೆಗೆ ಇಬ್ಬನಿ ಅಂಟಿದೆ ಅಂದುಕೊಂಡಿದ್ದೆ. ಬಟ್ಟೆಯಿಂದ ಮೆಲ್ಲಗೆ ಒರೆಸಿದೆ. ಕೋಣೆಯೆಲ್ಲ ಪರಿಮಳವಾಯಿತು. ಆಗ ಗೊತ್ತಾಯಿತು, ಅದು ಇಬ್ಬನಿಯಲ್ಲ, ಎಣ್ಣೆ ತುಂಬಿದ ಗ್ರಂಥಿಗಳು ಅಂತ.

ಇವುಗಳಿಗೆ ಗ್ರಂಥಿ ಕೂದಲು ಅನ್ನೋಣ. ಎಣ್ಣೆಯ ಬಹುಪಾಲು ತಯಾರಾಗುವುದು ಚಪ್ಪಟೆ ತಲೆಯ ಗ್ರಂಥಿಗಳಲ್ಲಿ. ಪುದೀನದಲ್ಲಿ ಇಂಥ ಒಂದು ಗ್ರಂಥಿಯ ಕಟ್ಟಡ ತುಂಬಾ ಸರಳ. ಬುಡದಲ್ಲಿ ಒಂದು ಜೀವಕೋಶ, ಅದರ ಮೇಲೆ ತೊಟ್ಟಿನಂತೆ ಇನ್ನೊಂದು, ಅದರ ಮೇಲೆ ಹೂವಿನ ದಳದ ಹಾಗೆ ವೃತ್ತದಲ್ಲಿ ಕೂತ 8 ಜೀವಕೋಶಗಳು. ಎಣ್ಣೆ ಮಾಡುವವು ಈ 8 ಮಾತ್ರ. ಮಾಡಿದ ಎಣ್ಣೆಯನ್ನು ಅವು ಮೇಲಕ್ಕೆ ತಳ್ಳುತ್ತವೆ. ಎಲೆಯ ಹೊರಪದರ ಅಲ್ಲಿ ಬೊಬ್ಬೆಯಂತೆ ಉಬ್ಬಿ ಎದ್ದು, ಎಣ್ಣೆ ಅದರೊಳಗೆ ನಿಲ್ಲುತ್ತದೆ. ನಾವು ಎಲೆ ಉಜ್ಜಿದಾಗ ಒಡೆಯುವುದು ಈ ಬೊಬ್ಬೆ.

ಇಷ್ಟು ಸಣ್ಣ ಗ್ರಂಥಿಗಳನ್ನು ಅಭ್ಯಾಸ ಮಾಡಲು ವಿಜ್ಞಾನಿಗಳು ಒಂದು ಜಾಣ ದಾರಿ ಕಂಡುಕೊಂಡರು. ಎಲೆಗಳನ್ನು ಗಾಜಿನ ಪುಟ್ಟ ಮಣಿಗಳ ಜೊತೆ ದ್ರಾವಣದಲ್ಲಿ ಹಾಕಿ ಕುಲುಕುವುದು. ಮಣಿಗಳು ಎಲೆಗೆ ತಿಕ್ಕಿ ಗ್ರಂಥಿಗಳ ತಲೆಗಳು ಮಾತ್ರ ಕಳಚಿ ಬರುತ್ತವೆ. ಪುದೀನದ ರಸಾಯನದ ಬಗ್ಗೆ ಈಗ ಗೊತ್ತಿರುವ ಬಹಳಷ್ಟು ವಿಷಯ ಹೀಗೆ ಕಳಚಿದ ತಲೆಗಳಿಂದ ತಿಳಿದದ್ದು. ಅಮೆರಿಕದ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ರಾಡ್ನಿ ಕ್ರೋಟೋ ಮತ್ತು ಅವರ ಸಂಗಡಿಗರು ದಶಕಗಳ ಕಾಲ ಇದೇ ಕೆಲಸ ಮಾಡಿದರು.

ಎಣ್ಣೆಯನ್ನು ಜೀವಕೋಶದ ಒಳಗೇ ಯಾಕೆ ಇಟ್ಟುಕೊಳ್ಳುವುದಿಲ್ಲ?

ಇಟ್ಟುಕೊಂಡರೆ ಗಿಡಕ್ಕೇ ಅಪಾಯ. ಪುದೀನದ ಮೆಂಥಾಲ್, ಥೈಮ್‌ನ ಥೈಮಾಲ್‌ನಂಥ ವಸ್ತುಗಳು ಜೀವಕೋಶದ ಪೊರೆಯನ್ನು ಸಡಿಲ ಮಾಡುತ್ತವೆ. ರೋಗಾಣುವನ್ನು ಕೊಲ್ಲುವ ಗುಣವೇ ಗಿಡದ ಸ್ವಂತ ಜೀವಕೋಶಕ್ಕೂ ಕುತ್ತು ತರಬಹುದು. ಅದಕ್ಕೇ ಉಗ್ರಾಣ ಮನೆಯ ಹೊರಗಿದೆ. ತೊಟ್ಟಿನ ಜೀವಕೋಶದ ಪಕ್ಕದ ಗೋಡೆಗೂ ಎಣ್ಣೆ ದಾಟದಂಥ ಮೇಣದ ಲೇಪವಿದೆ. ಎಲೆಯೊಳಕ್ಕೆ ಹಿಂದೆ ಸೋರುವುದಿಲ್ಲ.

ಈ ಔಷಧದ ಅಂಶಕ್ಕೆ ಕಚ್ಚಾ ವಸ್ತು ಯಾವುದು?

ಸಕ್ಕರೆ. ಬೇರೆ ವಿಶೇಷ ವಸ್ತು ಏನೂ ಇಲ್ಲ. ಪುದೀನದ ಗ್ರಂಥಿಯ ತಲೆಯಲ್ಲಿರುವ ಜೀವಕೋಶಗಳು ಹಸಿರಲ್ಲ. ಬಿಸಿಲಿನಿಂದ ತಮ್ಮ ಆಹಾರ ತಾವೇ ಮಾಡಿಕೊಳ್ಳಲು ಅವಕ್ಕೆ ಆಗುವುದಿಲ್ಲ. ಕೆಳಗಿನ ಹಸಿರು ಎಲೆ ಸಕ್ಕರೆ ಕಳಿಸುತ್ತದೆ, ಇವು ಅದನ್ನು ಒಡೆದು ಎಣ್ಣೆಯಾಗಿ ಬದಲಾಯಿಸುತ್ತವೆ.

ಸಕ್ಕರೆ ಒಡೆದಾಗ ಸಿಗುವ ತುಣುಕುಗಳಿಂದ ಗಿಡ 5 ಇಂಗಾಲದ ಪರಮಾಣುಗಳಿರುವ ಒಂದು ಪುಟ್ಟ ಇಟ್ಟಿಗೆ ಮಾಡಿಕೊಳ್ಳುತ್ತದೆ. ಮುಂದಿನದೆಲ್ಲ ಈ ಇಟ್ಟಿಗೆ ಜೋಡಿಸುವ ಕೆಲಸ. ಎರಡು ಸೇರಿದರೆ 10 ಇಂಗಾಲ. ಮೆಂಥಾಲ್, ಥೈಮಾಲ್, ಕರ್ಪೂರ ಈ ಗುಂಪಿನವು. ಮೂರು ಸೇರಿದರೆ 15, ಪಚೌಲಿ ಎಣ್ಣೆಯ ಮುಖ್ಯ ಅಂಶ ಈ ಅಳತೆಯದು. ನಾಲ್ಕು ಸೇರಿದರೆ 20, ರೋಸ್ಮರಿಯ ಕಾರ್ನೋಸಿಕ್ ಆಮ್ಲದ ಮೂಲ ಇದು. ಆರು ಸೇರಿದರೆ 30, ತುಳಸಿ ಮತ್ತು ರೋಸ್ಮರಿ ಎಲೆಯ ಮೇಣದಲ್ಲಿರುವ ಅರ್ಸೋಲಿಕ್ ಆಮ್ಲ ಈ ಗಾತ್ರದ್ದು. ಈ ಇಡೀ ಬಳಗಕ್ಕೆ ಟರ್ಪೀನ್‌ಗಳು ಅಂತ ಹೆಸರು.

ಗಾತ್ರಕ್ಕೂ ಗುಣಕ್ಕೂ ನೇರ ಸಂಬಂಧವಿದೆ. 10 ಇಂಗಾಲದವು ಹಗುರ, ಗಾಳಿಗೆ ಹಾರುತ್ತವೆ, ಮೂಗಿಗೆ ತಲುಪುತ್ತವೆ. 20, 30ರವು ಭಾರ, ಅಷ್ಟಾಗಿ ವಾಸನೆ ಬರುವುದಿಲ್ಲ. ವಾಸನೆ ಇಲ್ಲ ಅಂದ ಮಾತ್ರಕ್ಕೆ ಔಷಧದ ಗುಣ ಇಲ್ಲ ಅನ್ನುವ ಹಾಗಿಲ್ಲ. ಇದನ್ನು ಮುಂದೆ ನೋಡೋಣ.

ಮೆಂಥಾಲ್ ಹಂತ ಹಂತವಾಗಿ ಹೇಗೆ ತಯಾರಾಗುತ್ತದೆ?

ನನಗೆ ಅತ್ಯಂತ ಇಷ್ಟವಾದ ಭಾಗ ಇದು. ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಪ್ರತಿ ಹಂತಕ್ಕೂ ಒಂದು ಕಿಣ್ವ ಬೇಕು. ಕಿಣ್ವ ಅಂದರೆ ಒಂದು ರಾಸಾಯನಿಕ ಕೆಲಸದಲ್ಲಿ ಪಳಗಿದ ಪ್ರೋಟೀನ್. ಮೊದಲ ಕಿಣ್ವಕ್ಕೆ ಸಿಗುವುದು 10 ಇಂಗಾಲದ ಉದ್ದನೆಯ ಎಳೆ. ಕಿಣ್ವದ ನಡುವೆ ಒಂದು ಗುಳಿ ಇರುತ್ತದೆ. ಎಳೆ ಅದರೊಳಗೆ ಹೋಗಿ ಗುಳಿಯ ಆಕಾರಕ್ಕೆ ತಕ್ಕಂತೆ ಬಾಗುತ್ತದೆ, ಉಂಗುರವಾಗಿ ಮುಚ್ಚಿಕೊಳ್ಳುತ್ತದೆ. ಹೊರಗೆ ಬರುವುದು ಲಿಮೊನೀನ್. ಇದು ನಡೆಯುವುದು ಜೀವಕೋಶದೊಳಗಿನ ಬಣ್ಣವಿಲ್ಲದ ಪ್ಲಾಸ್ಟಿಡ್ ಎಂಬ ಚೀಲದಲ್ಲಿ.

ಲಿಮೊನೀನ್ ಅಲ್ಲಿಂದ ಹೊರಟು ಒಳಪೊರೆಗಳ ಜಾಲಕ್ಕೆ ಹೋಗುತ್ತದೆ. ಅಲ್ಲಿ ಉಂಗುರದ 3ನೇ ಸ್ಥಾನಕ್ಕೆ ಒಂದು ಆಮ್ಲಜನಕ ಸೇರುತ್ತದೆ. ಅಲ್ಲಿಂದ ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾಕ್ಕೆ. ಅಲ್ಲಿ ಎರಡು ಹೈಡ್ರೋಜನ್ ಕಳೆದುಕೊಳ್ಳುತ್ತದೆ. ಕೊನೆಗೆ ಜೀವಕೋಶದ ರಸದಲ್ಲಿ ಉಳಿದ ಹಂತಗಳು. ಪುಲೆಗೋನ್ ಆಗುತ್ತದೆ, ಪುಲೆಗೋನ್ ಮೆಂಥೋನ್ ಆಗುತ್ತದೆ, ಮೆಂಥೋನ್ ಕೊನೆಗೆ ಮೆಂಥಾಲ್ ಆಗುತ್ತದೆ. ಕಣ್ಣಿಗೆ ಕಾಣದ ಒಂದು ಜೀವಕೋಶ. ಅದರೊಳಗೆ ಒಂದು ವಸ್ತು ನಾಲ್ಕು ಕೋಣೆ ಸುತ್ತಿ ಬರುತ್ತದೆ. ಇಷ್ಟೆಲ್ಲ ಒಂದು ಎಲೆಯ ಕೂದಲಲ್ಲಿ!

ಈ ಹಂತಗಳೆಲ್ಲ ಒಂದೇ ದಿನದಲ್ಲಿ ಮುಗಿಯುವುದಿಲ್ಲ. ಒಂದು ಗ್ರಂಥಿ ಎಣ್ಣೆ ತುಂಬಿಕೊಳ್ಳಲು 20ರಿಂದ 30 ಗಂಟೆ ಸಾಕು. ಆದರೆ ಎಲೆ ಬೆಳೆಯುತ್ತಿರುವಷ್ಟು ದಿನ ಹೊಸ ಗ್ರಂಥಿಗಳು ಹುಟ್ಟುತ್ತಲೇ ಇರುತ್ತವೆ. ಮೆಂಥಾಲ್ ಮಾಡುವ ಪೆಪ್ಪರ್‌ಮಿಂಟ್ ಎಂಬ ಪುದೀನದಲ್ಲಿ ಎಲೆಗೆ 12ರಿಂದ 20 ದಿನ ಆದಾಗ ತಯಾರಿಕೆಯ ವೇಗ ಅತಿ ಹೆಚ್ಚು. ಎಳೆ ಎಲೆಯಲ್ಲಿ ಲಿಮೊನೀನ್ ಜಾಸ್ತಿ, ಆಮೇಲೆ ಮೆಂಥೋನ್ ಜಾಸ್ತಿ. ಎಲೆ ಬಲಿತ ಮೇಲೆ ಮೆಂಥೋನ್ ಮೆಂಥಾಲ್ ಆಗಿ ಬದಲಾಗುತ್ತದೆ. ತುದಿಯ ಚಿಗುರಿಗೂ ಬುಡದ ಎಲೆಗೂ ವಾಸನೆ ಬೇರೆ ಇರುವುದಕ್ಕೆ ಇದೇ ಕಾರಣ. ಬೇಕಾದರೆ ಎರಡನ್ನೂ ಕಿತ್ತು ಮೂಸಿ ನೋಡಿ.

ಸ್ಪಿಯರ್‌ಮಿಂಟ್ ಎಂಬ ಇನ್ನೊಂದು ಪುದೀನಕ್ಕೂ ಪೆಪ್ಪರ್‌ಮಿಂಟ್‌ಗೂ ವಾಸನೆ ಬೇರೆ. ವ್ಯತ್ಯಾಸ ಎಲ್ಲಿಂದ ಬರುತ್ತದೆ?

ಒಂದು ತಿರುವಿನಿಂದ. ಎರಡರಲ್ಲೂ ಲಿಮೊನೀನ್‌ವರೆಗೆ ದಾರಿ ಒಂದೇ. ಪೆಪ್ಪರ್‌ಮಿಂಟ್‌ನ ಕಿಣ್ವ ಆಮ್ಲಜನಕವನ್ನು 3ನೇ ಸ್ಥಾನಕ್ಕೆ ಸೇರಿಸುತ್ತದೆ, ದಾರಿ ಮೆಂಥಾಲ್ ಕಡೆ ಹೋಗುತ್ತದೆ. ಸ್ಪಿಯರ್‌ಮಿಂಟ್‌ನ ಕಿಣ್ವ 6ನೇ ಸ್ಥಾನಕ್ಕೆ ಸೇರಿಸುತ್ತದೆ, ದಾರಿ ಸ್ಪಿಯರ್‌ಮಿಂಟ್‌ನ ವಾಸನೆ ಕೊಡುವ ಕಾರ್ವೋನ್ ಕಡೆ ಹೋಗುತ್ತದೆ. 2000ದಲ್ಲಿ ಒಂದು ಪ್ರಯೋಗ ನಡೆಯಿತು. ಸ್ಪಿಯರ್‌ಮಿಂಟ್‌ನ ಆ ಕಿಣ್ವದಲ್ಲಿ ಒಂದೇ ಒಂದು ಅಮೈನೋ ಆಮ್ಲ, ಅಂದರೆ ಪ್ರೋಟೀನ್‌ನ ಒಂದು ಬಿಡಿಭಾಗ, ಬದಲಾಯಿಸಿದರು. ಅದು ಪೆಪ್ಪರ್‌ಮಿಂಟ್‌ನ ಕಿಣ್ವದ ಕೆಲಸ ಮಾಡಲು ಶುರು ಮಾಡಿತು. ನೂರಾರು ಅಮೈನೋ ಆಮ್ಲಗಳಿರುವ ಪ್ರೋಟೀನ್, ಬದಲಾಗಿದ್ದು ಒಂದು!

ಅಂದ ಹಾಗೆ, ಪೆಪ್ಪರ್‌ಮಿಂಟ್ ಸ್ಪಿಯರ್‌ಮಿಂಟ್‌ನ ಮಗುವೇ. ನೀರು ಪುದೀನ ಎಂಬ ಇನ್ನೊಂದು ಜಾತಿಯ ಜೊತೆ ಬೆರೆತು ಹುಟ್ಟಿದ ಮಿಶ್ರತಳಿ. ಅದರಲ್ಲಿ ಬೀಜ ಕಟ್ಟುವುದಿಲ್ಲ. ನೆಲದಲ್ಲಿ ಹರಿಯುವ ಬಳ್ಳಿಕಾಂಡ ನೆಟ್ಟೇ ಬೆಳೆಸಬೇಕು.

ಮೆಂಥಾಲ್ ಯಾಕೆ ತಣ್ಣಗೆ ಅನಿಸುತ್ತದೆ? ನಿಜವಾಗಿ ಶಾಖ ಇಳಿಯುತ್ತದಾ?

ಶಾಖ ಇಳಿಯುವುದಿಲ್ಲ. ನಮ್ಮ ಚರ್ಮದ ಮತ್ತು ಬಾಯಿಯ ನರಗಳ ತುದಿಯಲ್ಲಿ ಟಿಆರ್‌ಪಿಎಂ8 ಎಂಬ ಪ್ರೋಟೀನ್ ಬಾಗಿಲು ಇದೆ. ಸುಮಾರು 26 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಾದರೆ ಅದು ತೆರೆದುಕೊಂಡು ‘ತಂಪು’ ಅಂತ ಮಿದುಳಿಗೆ ಸುದ್ದಿ ಕಳಿಸುತ್ತದೆ. ಮೆಂಥಾಲ್ ಆ ಬಾಗಿಲಿಗೆ ಅಂಟಿಕೊಂಡರೆ ಬೆಚ್ಚಗಿದ್ದಾಗಲೂ ಅದು ತೆರೆಯುತ್ತದೆ. ಪುದೀನ ಜಗಿದ ಮೇಲೆ ಸಾಮಾನ್ಯ ನೀರು ಕುಡಿದರೂ ಐಸ್ ನೀರಿನಂತೆ ಅನಿಸುವುದು ಇದಕ್ಕೇ. 2002ರಲ್ಲಿ ಎರಡು ತಂಡಗಳು ಬೇರೆ ಬೇರೆಯಾಗಿ ಈ ಬಾಗಿಲನ್ನು ಗುರುತಿಸಿದವು. ಅವುಗಳ ಮುಂದಾಳುಗಳಾದ ಡೇವಿಡ್ ಜೂಲಿಯಸ್ ಮತ್ತು ಆರ್ಡೆಮ್ ಪಟಪೂಟಿಯನ್, ಶಾಖ ಮತ್ತು ಸ್ಪರ್ಶದ ಬಗ್ಗೆ ಮಾಡಿದ ಒಟ್ಟು ಕೆಲಸಕ್ಕೆ 2021ರ ನೊಬೆಲ್ ಪಡೆದರು.

ಮೂಗು ಕಟ್ಟಿದಾಗ ಮೆಂಥಾಲ್ ಮೂಸಿದರೆ ಉಸಿರು ಸಲೀಸಾದಂತೆ ಅನಿಸುವುದೂ ಹೀಗೆಯೇ. ಮೂಗಿನ ದಾರಿ ಅಷ್ಟೇನೂ ಅಗಲವಾಗಿರುವುದಿಲ್ಲ, ಒಳಗೆ ಹೋಗುವ ಗಾಳಿ ತಂಪಾಗಿ ತಾಗುತ್ತದೆ. ಹೊಟ್ಟೆಯ ವಿಷಯ ಬೇರೆ. ಕರುಳಿನ ಸ್ನಾಯುಗಳೊಳಗೆ ಕ್ಯಾಲ್ಸಿಯಂ ಹೋಗುವುದನ್ನು ಮೆಂಥಾಲ್ ತಡೆಯುತ್ತದೆ. ಸ್ನಾಯು ನಿಜವಾಗಿಯೂ ಸಡಿಲವಾಗುತ್ತದೆ. ಕರುಳು ಹಿಂಡಿದಂತಾಗುವ ತೊಂದರೆಗೆ ಪೆಪ್ಪರ್‌ಮಿಂಟ್ ಎಣ್ಣೆಯ ಕ್ಯಾಪ್ಸೂಲ್ ಕೊಡುವುದು ಈ ಗುಣಕ್ಕಾಗಿ.

ತುಳಸಿಯ ಲವಂಗದಂಥ ವಾಸನೆಯೂ ಟರ್ಪೀನೇ?

ಅಲ್ಲ. ಅದು ಯೂಜಿನಾಲ್. ಅದರ ದಾರಿ ಶುರುವಾಗುವುದು ಫಿನೈಲ್‌ಅಲನಿನ್ ಎಂಬ ಅಮೈನೋ ಆಮ್ಲದಿಂದ. ಮರದ ಗಟ್ಟಿತನಕ್ಕೆ ಕಾರಣವಾದ ಲಿಗ್ನಿನ್ ಕೂಡ ಇದೇ ದಾರಿಯಲ್ಲಿ ತಯಾರಾಗುತ್ತದೆ. ಲಿಗ್ನಿನ್‌ಗೆ ಹೋಗಬೇಕಿದ್ದ ಒಂದು ವಸ್ತುವನ್ನು ತುಳಸಿ, ಕಾಮಕಸ್ತೂರಿಯಂಥ ಗಿಡಗಳ ಗ್ರಂಥಿಗಳು ನಡುದಾರಿಯಲ್ಲಿ ತಮ್ಮ ಕಡೆ ತಿರುಗಿಸಿಕೊಂಡು ಯೂಜಿನಾಲ್ ಮಾಡುತ್ತವೆ.

ಘಮಘಮ ಇಲ್ಲದ ಅಂಶಗಳೂ ಇವೆಯಾ?

ಇವೆ, ಮತ್ತು ನನ್ನ ಪ್ರಕಾರ ಜನ ಅವುಗಳ ಕಡೆ ಗಮನ ಕೊಡುವುದು ಕಡಿಮೆ. ಮುಖ್ಯವಾದದ್ದು ರೋಸ್ಮರಿನಿಕ್ ಆಮ್ಲ. 1958ರಲ್ಲಿ ಇಟಲಿಯ ಇಬ್ಬರು ರಸಾಯನ ವಿಜ್ಞಾನಿಗಳು ಇದನ್ನು ರೋಸ್ಮರಿಯಿಂದ ಬೇರ್ಪಡಿಸಿದರು. ಪುದೀನ, ತುಳಸಿ, ಸೇಜ್, ಥೈಮ್, ನಿಂಬೆ ವಾಸನೆಯ ಮೆಲಿಸ್ಸಾ ಎಲ್ಲದರಲ್ಲೂ ಇದು ಇದೆ.

ಇದರ ತಯಾರಿಕೆ ಚೆನ್ನಾಗಿದೆ. ಗಿಡ ಎರಡು ಅಮೈನೋ ಆಮ್ಲಗಳಿಂದ ಎರಡು ಅರ್ಧಗಳನ್ನು ಬೇರೆ ಬೇರೆ ಮಾಡಿ ಕೊನೆಗೆ ಹೊಲಿಯುತ್ತದೆ. ಒಂದು ಅರ್ಧ ಫಿನೈಲ್‌ಅಲನಿನ್‌ನಿಂದ, ಇನ್ನೊಂದು ಟೈರೋಸಿನ್‌ನಿಂದ. ಇದು ಆಕ್ಸಿಡೀಕರಣ ತಡೆಯುತ್ತದೆ, ಪ್ರಯೋಗಾಲಯದ ಪರೀಕ್ಷೆಗಳಲ್ಲಿ ಉರಿಯೂತ ಕಡಿಮೆ ಮಾಡುವ ಗುಣ ತೋರಿಸಿದೆ. ನೀರಲ್ಲಿ ಕರಗುತ್ತದೆ. ಈ ಮಾತು ನೆನಪಿರಲಿ, ಕಷಾಯದ ಪ್ರಶ್ನೆ ಬಂದಾಗ ಬೇಕಾಗುತ್ತದೆ.

ಕಾರ್ನೋಸಿಕ್ ಆಮ್ಲ ಇನ್ನೊಂದು. ರೋಸ್ಮರಿ ಮತ್ತು ಸೇಜ್‌ನಲ್ಲಿದೆ. ಇದು 20 ಇಂಗಾಲದ ಟರ್ಪೀನ್, ತಯಾರಾಗುವುದು ಗ್ರಂಥಿ ಕೂದಲಲ್ಲೇ. ಎಣ್ಣೆ, ಕೊಬ್ಬು ಕಮಟಾಗದಂತೆ ತಡೆಯಲು ರೋಸ್ಮರಿ ಸಾರವನ್ನು ಆಹಾರ ಉದ್ಯಮದಲ್ಲಿ ಬಳಸುತ್ತಾರೆ. ಅದರಲ್ಲಿ ಕೆಲಸ ಮಾಡುವ ಮುಖ್ಯ ಅಂಶ ಇದೇ.

ಔಷಧ ಎಲೆಯಲ್ಲೇ ಇರುತ್ತದಾ, ಬೇರಲ್ಲೂ ಇರುತ್ತದಾ?

ಕೆಲವು ಗಿಡಗಳಲ್ಲಿ ಬೇರೇ ಮುಖ್ಯ. ಮಾಕಂದಿ ಬೇರಿನ ಗಿಡ, ಅಂದರೆ ಕೋಲಿಯಸ್ ಫೋರ್ಸ್ಕೋಲಿಯನ್ನು ನೋಡಿ. ಅದರ ಬೇರಿನ ತೊಗಟೆಯ ಜೀವಕೋಶಗಳಲ್ಲಿ ಎಣ್ಣೆಯ ಹನಿಗಳಿವೆ, ಆ ಹನಿಗಳಲ್ಲಿ ಫೋರ್ಸ್ಕೋಲಿನ್ ಇದೆ. 1970ರ ದಶಕದಲ್ಲಿ ಭಾರತದಲ್ಲೇ ಇದನ್ನು ಗುರುತಿಸಿದರು. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ಇದನ್ನು ಕೋಲಿಯೋನಾಲ್ ಅಂತ ಕರೆಯಿತು. ಜೀವಕೋಶದೊಳಗೆ ಸಂದೇಶ ಸಾಗಿಸುವ ಸೈಕ್ಲಿಕ್ ಎಎಂಪಿ ಎಂಬ ವಸ್ತುವನ್ನು ತಯಾರಿಸುವ ಕಿಣ್ವವನ್ನು ಫೋರ್ಸ್ಕೋಲಿನ್ ನೇರವಾಗಿ ಚುರುಕು ಮಾಡುತ್ತದೆ. ಅದರಿಂದ ರಕ್ತನಾಳ ಸಡಿಲವಾಗುತ್ತದೆ, ಹೃದಯದ ಬಡಿತಕ್ಕೆ ಬಲ ಬರುತ್ತದೆ. ಜೀವಶಾಸ್ತ್ರದ ಪ್ರಯೋಗಾಲಯಗಳಲ್ಲಿ ಇಂದಿಗೂ ಇದು ದಿನಬಳಕೆಯ ವಸ್ತು.

ಚೀನಾದ ಡಾನ್‌ಶೆನ್ ಎಂಬ ಸಾಲ್ವಿಯಾ ಗಿಡದ ಬೇರು ಕೆಂಪು. ಆ ಕೆಂಪಿಗೆ ಕಾರಣ ಟ್ಯಾನ್‌ಶಿನೋನ್‌ಗಳು. ವಿಶೇಷ ಏನೆಂದರೆ, ರೋಸ್ಮರಿಯ ಎಲೆಯ ಕಾರ್ನೋಸಿಕ್ ಆಮ್ಲಕ್ಕೂ ಡಾನ್‌ಶೆನ್ ಬೇರಿನ ಟ್ಯಾನ್‌ಶಿನೋನ್‌ಗೂ ಮೊದಲ ಹಂತಗಳು ಒಂದೇ. ಎರಡೂ ಮಿಲ್ಟಿರಾಡಯೀನ್ ಎಂಬ ವಸ್ತುವಿನಿಂದ ಹೊರಡುತ್ತವೆ.

ಬೈಕಲ್ ಸ್ಕಲ್‌ಕ್ಯಾಪ್ ಎಂಬ ಗಿಡದ ಕಥೆ ಇನ್ನೂ ಸ್ವಾರಸ್ಯ. ಅದರ ಎಲೆಯಲ್ಲಿ ಬಹಳಷ್ಟು ಗಿಡಗಳಲ್ಲಿ ಇರುವಂಥ ಫ್ಲೇವೋನ್ ಎಂಬ ಗುಂಪಿನ ವಸ್ತುಗಳು ತಯಾರಾಗುತ್ತವೆ. ಬೇರಲ್ಲಿ ಮಾತ್ರ ಒಂದು ಹೊಸ ದಾರಿ ಇದೆ, ಅದರಿಂದ ಬೈಕಲೀನ್, ವೊಗೊನಿನ್ ಎಂಬ ಬೇರೆ ಫ್ಲೇವೋನ್‌ಗಳು ಬರುತ್ತವೆ. ಆ ಹೊಸ ದಾರಿಯ ಕಿಣ್ವಗಳ ಜೀನ್‌ಗಳು ಹಳೆಯ ಜೀನ್‌ಗಳ ನಕಲುಗಳು ನಿಧಾನಕ್ಕೆ ಬದಲಾಗಿ ಆದವು ಅಂತ 2016ರಲ್ಲಿ ತೋರಿಸಿದರು. ಹಳೆಯದನ್ನು ಕೈಬಿಡದೆ, ಅದರ ಒಂದು ಪ್ರತಿ ತೆಗೆದು ಹೊಸ ಕೆಲಸಕ್ಕೆ ಹಚ್ಚುವುದು. ಇಡೀ ಪುದೀನ ಕುಟುಂಬದಲ್ಲಿ ಇಷ್ಟೊಂದು ಬಗೆಯ ವಸ್ತುಗಳು ಬಂದಿರುವುದು ಹೆಚ್ಚಾಗಿ ಹೀಗೆಯೇ.

ಒಂದೇ ಜಾತಿಯ ಎರಡು ಗಿಡ. ಒಂದಕ್ಕೆ ಒಂದು ವಾಸನೆ, ಇನ್ನೊಂದಕ್ಕೆ ಇನ್ನೊಂದು. ಯಾಕೆ?

ಅವು ರಾಸಾಯನಿಕವಾಗಿ ಬೇರೆ ಬಗೆಯವು. ಹೊರಗೆ ನೋಡಿದರೆ ಗೊತ್ತಾಗುವುದಿಲ್ಲ. ದಕ್ಷಿಣ ಫ್ರಾನ್ಸ್‌ನ ಕಾಡು ಥೈಮ್ ಇದಕ್ಕೆ ಒಳ್ಳೆಯ ಉದಾಹರಣೆ. ಅಲ್ಲಿ ಒಂದೇ ಜಾತಿಯಲ್ಲಿ 6 ಬಗೆಗಳಿವೆ. ಥೈಮಾಲ್ ಮಾಡುವವು, ಕಾರ್ವಕ್ರಾಲ್ ಮಾಡುವವು, ಲಿನಲೂಲ್ ಮಾಡುವವು, ಜಿರೇನಿಯಾಲ್ ಮಾಡುವವು, ಹೀಗೆ. ಯಾವ ಬಗೆ ಅನ್ನುವುದನ್ನು ಜೀನ್‌ಗಳು ತೀರ್ಮಾನಿಸುತ್ತವೆ.

ಸೇಂಟ್ ಮಾರ್ಟಿನ್ ದ ಲಾಂಡ್ರ್ ಎಂಬ ಊರಿನ ಸುತ್ತಲಿನ ತಗ್ಗಿನಲ್ಲಿ ಚಳಿಗಾಲದಲ್ಲಿ ಕೊರೆಯುವ ಗಾಳಿ ಬಂದು ನಿಲ್ಲುತ್ತದೆ. ಖಾರದ ವಾಸನೆಯ ಥೈಮಾಲ್, ಕಾರ್ವಕ್ರಾಲ್ ಬಗೆಗಳು ಆ ಹಿಮ ತಾಳುವುದಿಲ್ಲ. ಅಲ್ಲಿ ಮೆದು ವಾಸನೆಯವೇ ಬೆಳೆಯುತ್ತವೆ. ಸ್ವಲ್ಪ ದೂರದ ಬಿಸಿ, ಒಣ ಇಳಿಜಾರಿನಲ್ಲಿ ಖಾರದವು. 1970ರ ದಶಕದಲ್ಲಿ ಈ ನಕ್ಷೆ ಮಾಡಿದ್ದರು. ದಶಕಗಳ ನಂತರ ಮತ್ತೆ ಹೋಗಿ ನೋಡಿದಾಗ, ಮೊದಲು ಮೆದು ಬಗೆ ಮಾತ್ರ ಇದ್ದ ಕೆಲವು ಜಾಗಗಳಿಗೆ ಖಾರದವೂ ಬಂದಿದ್ದವು. ಕಟು ಚಳಿಯ ಚಳಿಗಾಲಗಳು ಕಡಿಮೆಯಾಗಿದ್ದವು. ಹವಾಮಾನ ಬದಲಾದರೆ ಬೆಟ್ಟದ ವಾಸನೆಯೇ ಬದಲಾಗುತ್ತದೆ ಅಲ್ವಾ?

ಹಾಗಾಗಿ ‘ಥೈಮ್ ಎಣ್ಣೆ’ ಅಂತ ಮಾತ್ರ ಬರೆದಿದ್ದರೆ ಒಳಗೇನಿದೆ ಅಂತ ಅರ್ಧ ಮಾತ್ರ ಗೊತ್ತಾದಂತೆ. ಯಾವ ಬಗೆ ಅನ್ನುವುದನ್ನೂ ಬರೆದಿರಬೇಕು.

ಬಿಸಿಲು, ನೀರು, ಗೊಬ್ಬರದಿಂದ ಔಷಧದ ಅಂಶ ಹೆಚ್ಚು ಕಡಿಮೆ ಆಗುತ್ತದಾ?

ಖಂಡಿತ ಆಗುತ್ತದೆ. ಪೆಪ್ಪರ್‌ಮಿಂಟ್‌ಗೆ ಬಿಸಿಲು ಸಾಲದೆ ಹೋದರೆ ಅದು ಪುಲೆಗೋನ್ ಹಂತದಲ್ಲಿ ಅಡ್ಡದಾರಿ ಹಿಡಿಯುತ್ತದೆ. ಮೆಂಥಾಲ್ ಕಡೆ ಹೋಗಬೇಕಿದ್ದದ್ದು ಮೆಂಥೋಫ್ಯೂರಾನ್ ಆಗುತ್ತದೆ. ಸಾಲದ್ದಕ್ಕೆ, ಈ ಮೆಂಥೋಫ್ಯೂರಾನ್ ಪುಲೆಗೋನನ್ನು ಮೆಂಥೋನ್ ಮಾಡುವ ಕಿಣ್ವದ ಕೆಲಸಕ್ಕೂ ಅಡ್ಡಿಯಾಗುತ್ತದೆ. ಎಣ್ಣೆಯ ಗುಣಮಟ್ಟ ಎರಡೂ ಕಡೆಯಿಂದ ಕೆಡುತ್ತದೆ. ನೆರಳಲ್ಲಿ ಇಟ್ಟ ಗಿಡ ಹಸಿರಾಗಿ, ದೊಡ್ಡ ಎಲೆ ಬಿಟ್ಟು ಚೆನ್ನಾಗೇ ಕಾಣಬಹುದು. ಆದರೆ ಮೂಸಿದರೆ ವ್ಯತ್ಯಾಸ ತಿಳಿಯುತ್ತದೆ.

ಬಿಸಿಲಿನ ನೇರಳಾತೀತ ಕಿರಣ ಬಿದ್ದರೆ ಕಾಮಕಸ್ತೂರಿಯ ಗ್ರಂಥಿಗಳು ಚೆನ್ನಾಗಿ ತುಂಬಿಕೊಳ್ಳುತ್ತವೆ. ಗಾಜು ಈ ಕಿರಣದ ಒಂದು ಭಾಗವನ್ನು ತಡೆಯುವುದರಿಂದ ಗಾಜಿನ ಮನೆಯ ಗಿಡದಲ್ಲಿ ಘಮ ಕಡಿಮೆ ಇರುವುದುಂಟು. ಹುಳು ಕಚ್ಚಿದಾಗ ಗಿಡದೊಳಗೆ ಜಾಸ್ಮೋನಿಕ್ ಆಮ್ಲ ಎಂಬ ಹಾರ್ಮೋನ್ ಏರುತ್ತದೆ. ಅದರಿಂದಲೂ ಈ ಕುಟುಂಬದ ಎಷ್ಟೋ ಗಿಡಗಳಲ್ಲಿ ರಕ್ಷಣೆಯ ವಸ್ತುಗಳು ಹೆಚ್ಚುತ್ತವೆ.

ಗಿಡಕ್ಕೆ ಇದರಿಂದ ಏನು ಲಾಭ?

ಅದರ ಬದುಕು. ಗಿಡ ಓಡಿ ತಪ್ಪಿಸಿಕೊಳ್ಳಲಾರದು. ಹುಳು, ಶಿಲೀಂಧ್ರ, ಮೇಯುವ ಪ್ರಾಣಿ ಎಲ್ಲವನ್ನೂ ನಿಂತಲ್ಲೇ ಎದುರಿಸಬೇಕು. ನಮಗೆ ಔಷಧವಾದದ್ದು ಅದಕ್ಕೆ ಆಯುಧ. ಬೆಕ್ಕುಗಳು ಹುಚ್ಚೆದ್ದು ಹೊರಳಾಡುವ ಕ್ಯಾಟ್‌ನಿಪ್ ಗಿಡ ಗೊತ್ತಾ? ಅದೂ ಇದೇ ಕುಟುಂಬದ್ದು. ಅದರ ನೆಪೆಟಲ್ಯಾಕ್ಟೋನ್ ಇರುವುದು ಕೀಟಗಳನ್ನು ಓಡಿಸಲು. ಇದೇ ಬಗೆಯ ವಸ್ತುವಿರುವ ಸಿಲ್ವರ್ ವೈನ್ ಎಂಬ ಬೇರೆ ಕುಟುಂಬದ ಗಿಡಕ್ಕೆ ಬೆಕ್ಕು ಮೈ ಉಜ್ಜಿಕೊಂಡರೆ ಅದರ ಮೈಗೂ ಸೊಳ್ಳೆ ಕಡಿಮೆ ಕೂರುತ್ತದೆ ಅಂತ 2021ರಲ್ಲಿ ಜಪಾನಿನ ವಿಜ್ಞಾನಿಗಳು ತೋರಿಸಿದರು.

ಈ ನೆಪೆಟಲ್ಯಾಕ್ಟೋನ್ ಇರಿಡಾಯ್ಡ್ ಎಂಬ ಗುಂಪಿನದು. ಪುದೀನ, ತುಳಸಿಗಳ ಪೂರ್ವಜ ಈ ಗುಂಪನ್ನು ತಯಾರಿಸುವುದನ್ನು ಎಂದೋ ನಿಲ್ಲಿಸಿತ್ತು. ಬೇಕಾದ ಒಂದು ಮುಖ್ಯ ಜೀನ್ ಕಳೆದುಹೋಗಿತ್ತು. ಕ್ಯಾಟ್‌ನಿಪ್‌ನ ವಂಶ ಮಾತ್ರ ಬೇರೊಂದು ಜೀನನ್ನು ಪಳಗಿಸಿ, ಕಳೆದುಹೋದ ಕಲೆಯನ್ನು ಹೊಸದಾಗಿ ಕಲಿಯಿತು.

ಎಲೆ ಯಾವಾಗ ಕೊಯ್ದರೆ ಒಳ್ಳೆಯದು? ಒಣಗಿಸಿದರೆ ಗುಣ ಹೋಗುತ್ತದಾ?

ಸಾಮಾನ್ಯವಾಗಿ ಮೊಗ್ಗು ಬಿಟ್ಟು ಹೂವು ಅರಳಲು ಶುರುವಾಗುವ ಸಮಯ. ಮೆಂಥಾಲ್ ಬೇಕಾದರೆ ಎಲೆ ಬಲಿತಿರಬೇಕು, ಅದರ ಕಾರಣ ಮೇಲೆ ಹೇಳಿದ್ದೇನೆ. ಒಣಗಿಸುವುದು ನೆರಳಲ್ಲಿ, ಗಾಳಿಯಾಡುವ ಕಡೆ, ಜಾಸ್ತಿ ಶಾಖ ಇಲ್ಲದೆ. ಒಣಗಿದ ಎಲೆಯನ್ನು ಪುಡಿ ಮಾಡದೆ ಇಡಿಯಾಗಿ ಇಡಿ. ಎಣ್ಣೆಯ ಬೊಬ್ಬೆ ಒಡೆಯದೆ ಇದ್ದಷ್ಟು ದಿನ ಒಳಗಿನದು ಉಳಿಯುತ್ತದೆ. ಬಳಸುವ ಹೊತ್ತಿಗೆ ಪುಡಿ ಮಾಡಿಕೊಂಡರೆ ಸಾಕು.

ಕಷಾಯ ಒಳ್ಳೆಯದಾ, ಎಣ್ಣೆ ಒಳ್ಳೆಯದಾ?

ಎರಡರಲ್ಲೂ ಬರುವ ಅಂಶಗಳು ಬೇರೆ ಬೇರೆ. ಈ ಪ್ರಶ್ನೆಗೆ ಸರಿಯಾದ ಉತ್ತರ ಸಿಗದೆ ಎಷ್ಟೋ ಜನ ಗೊಂದಲದಲ್ಲಿರುತ್ತಾರೆ. ಆವಿಯಲ್ಲಿ ಬಟ್ಟಿ ಇಳಿಸಿದ ಎಣ್ಣೆಯಲ್ಲಿ ಹಾರುವ ಅಂಶಗಳು ಮಾತ್ರ ಇರುತ್ತವೆ. ರೋಸ್ಮರಿನಿಕ್ ಆಮ್ಲ ಅದರಲ್ಲಿ ಬರುವುದೇ ಇಲ್ಲ. ಕಷಾಯದಲ್ಲಿ ಉಲ್ಟಾ. ರೋಸ್ಮರಿನಿಕ್ ಆಮ್ಲ ನೀರಿಗೆ ಇಳಿಯುತ್ತದೆ, ಮೆಂಥಾಲ್‌ನಂಥವು ಸ್ವಲ್ಪ ಮಾತ್ರ. ಪಾತ್ರೆ ತೆರೆದಿಟ್ಟು ಕುದಿಸಿದರೆ ಆ ಸ್ವಲ್ಪವೂ ಆವಿಯಲ್ಲಿ ಹೋಗುತ್ತದೆ. ಬಿಸಿ ನೀರು ಹಾಕಿ ಮುಚ್ಚಿಡಿ, ಮುಚ್ಚಳಕ್ಕೆ ಅಂಟಿದ ಹನಿಗಳನ್ನೂ ಮತ್ತೆ ಪಾತ್ರೆಗೇ ಬೀಳಿಸಿ. ಕಾರ್ನೋಸಿಕ್ ಆಮ್ಲ ನೀರಲ್ಲಿ ಸರಿಯಾಗಿ ಕರಗುವುದಿಲ್ಲ, ಅದಕ್ಕೆ ಎಣ್ಣೆ ಅಥವಾ ಆಲ್ಕೋಹಾಲ್ ಬೇಕು.

ಪೆಪ್ಪರ್‌ಮಿಂಟ್‌ನ ಒಣ ಎಲೆಯಲ್ಲಿ ಎಣ್ಣೆ ಇರುವುದು ಸಾಮಾನ್ಯವಾಗಿ ನೂರಕ್ಕೆ 1ರಿಂದ 3 ಭಾಗ ಅಷ್ಟೇ. ಬಾಟಲಿಯ ಎಣ್ಣೆ ಎಷ್ಟು ಗಟ್ಟಿ ಅಂತ ಇದರಿಂದ ಲೆಕ್ಕ ಹಾಕಿ. ಎಲೆಯ ಅಳತೆಯಲ್ಲಿ ಯೋಚಿಸಿ ಎಣ್ಣೆ ಕುಡಿಯುವುದು ದೊಡ್ಡ ತಪ್ಪು.

ಗಿಡದಿಂದ ಬಂದದ್ದು, ಅಪಾಯ ಇಲ್ಲ ಅಲ್ವಾ?

ಇದೆ. ದಯವಿಟ್ಟು ಈ ಉತ್ತರವನ್ನು ಸುಮ್ನೆ ಓದಿ ಮುಂದೆ ಹೋಗಬೇಡಿ.

ಪೆನ್ನಿರಾಯಲ್ ಎಂಬ ಪುದೀನ ಜಾತಿಯ ಎಣ್ಣೆಯಲ್ಲಿ ಪುಲೆಗೋನ್ ತುಂಬಾ ಇದೆ. ಮೆಂಥಾಲ್‌ಗೆ ಹೋಗುವ ದಾರಿಯ ನಡುವೆ ಬಂದ ಅದೇ ಪುಲೆಗೋನ್. ಅದು ಯಕೃತ್ತನ್ನು ಹಾಳುಮಾಡುತ್ತದೆ, ಆ ಎಣ್ಣೆ ಕುಡಿದು ಜನ ಸತ್ತಿದ್ದಾರೆ. ಸೇಜ್‌ನ ಎಣ್ಣೆಯಲ್ಲಿರುವ ಥೂಜೋನ್ ಜಾಸ್ತಿಯಾದರೆ ಫಿಟ್ಸ್ ಬರಬಹುದು. ಮೆಂಥಾಲ್ ಇರುವ ಮುಲಾಮನ್ನು ಹಸುಗೂಸಿನ ಮೂಗಿನ ಹತ್ತಿರ ಹಚ್ಚಲೇಬಾರದು, ಉಸಿರು ಕಟ್ಟುವ ಅಪಾಯವಿದೆ. ಎದೆಯುರಿ, ಹುಳಿತೇಗು ಇರುವವರಿಗೆ ಪೆಪ್ಪರ್‌ಮಿಂಟ್ ಎಣ್ಣೆಯಿಂದ ತೊಂದರೆ ಹೆಚ್ಚಬಹುದು. ಅನ್ನನಾಳದ ಕೆಳಗಿನ ಬಿಗಿ ಸ್ನಾಯುವನ್ನೂ ಅದು ಸಡಿಲ ಮಾಡುತ್ತದೆ. ಡಾನ್‌ಶೆನ್ ಬೇರು ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆಯ ಜೊತೆ ಸೇರಿದರೆ ರಕ್ತಸ್ರಾವವಾಗಬಹುದು. ಫೋರ್ಸ್ಕೋಲಿನ್ ರಕ್ತದೊತ್ತಡ ಇಳಿಸುತ್ತದೆ. ಮಾತ್ರೆ ತೆಗೆದುಕೊಳ್ಳುವವರು, ಬಸುರಿಯರು ಮೊದಲು ವೈದ್ಯರನ್ನು ಕೇಳಬೇಕು.

ಗಿಡವೇ ಇಲ್ಲದೆ ಇವನ್ನು ತಯಾರಿಸಬಹುದಾ?

ಕೆಲವನ್ನು ಈಗಾಗಲೇ ತಯಾರಿಸುತ್ತಿದ್ದಾರೆ. ಮೆಂಥಾಲ್ ಅಣುವಿಗೆ ಒಟ್ಟು 8 ರೂಪಗಳಿವೆ. ಪರಮಾಣುಗಳು ಅವೇ, ಅವು ತಿರುಗಿ ನಿಂತಿರುವ ದಿಕ್ಕು ಬೇರೆ. ಗಿಡ ಹೆಚ್ಚಾಗಿ ಮಾಡುವ ರೂಪವೇ ಎಲ್ಲಕ್ಕಿಂತ ತಂಪು. ಕಾರ್ಖಾನೆಯಲ್ಲಿ ಆ ಒಂದೇ ರೂಪ ಬರುವಂತೆ ಮಾಡುವುದು ಬಹಳ ಕಷ್ಟವಾಗಿತ್ತು. ಜಪಾನಿನ ರ‍್ಯೋಜಿ ನೊಯೊರಿ ಕಂಡುಹಿಡಿದ ವಿಧಾನದಿಂದ 1980ರ ದಶಕದಲ್ಲಿ ಅದು ದೊಡ್ಡ ಪ್ರಮಾಣದಲ್ಲಿ ಸಾಧ್ಯವಾಯಿತು. ಇಂಥ ಕೆಲಸಗಳಿಗೆ ಅವರಿಗೆ 2001ರ ನೊಬೆಲ್‌ನಲ್ಲಿ ಪಾಲು ಸಿಕ್ಕಿತು.

ರೋಸ್ಮರಿನಿಕ್ ಆಮ್ಲಕ್ಕೆ ಬೇರೆ ದಾರಿ ಇದೆ. ಬಣ್ಣದ ಎಲೆಯ ಕೋಲಿಯಸ್ ಗಿಡದ ಜೀವಕೋಶಗಳನ್ನು ಸಕ್ಕರೆ ನೀರಿನ ಪಾತ್ರೆಯಲ್ಲಿ ಬೆಳೆಸಿದರೆ, ಅವು ಇಡೀ ಗಿಡಕ್ಕಿಂತಲೂ ಜಾಸ್ತಿ ರೋಸ್ಮರಿನಿಕ್ ಆಮ್ಲ ಮಾಡುತ್ತವೆ. ಮೆಂಥಾಲ್ ಹೀಗೆ ಸಿಗುವುದಿಲ್ಲ. ಬಿಡಿ ಜೀವಕೋಶಗಳಲ್ಲಿ ಗ್ರಂಥಿ ಕೂದಲು ಇರುವುದಿಲ್ಲ, ಎಣ್ಣೆ ಮಾಡಿ ತುಂಬಿಡುವ ಜಾಗವೇ ಇಲ್ಲ.

ಫೋರ್ಸ್ಕೋಲಿನ್ ತಯಾರಿಸುವ ಎಲ್ಲ ಹಂತದ ಜೀನ್‌ಗಳನ್ನು ಹುಡುಕಿ ಯೀಸ್ಟ್‌ಗೆ ಸೇರಿಸಿದ್ದು 2017ರಲ್ಲಿ. ಆ ಯೀಸ್ಟ್ ಸಕ್ಕರೆಯಿಂದ ಫೋರ್ಸ್ಕೋಲಿನ್ ಮಾಡಿತು. ಬೇರಿಗಾಗಿ ಗಿಡವನ್ನೇ ಕಿತ್ತುಹಾಕಬೇಕಾದ ಔಷಧಗಳಿಗೆ ಇಂಥ ದಾರಿ ಬೇಗ ದೊಡ್ಡದಾಗಲಿ ಅಂತ ನನ್ನ ಆಸೆ. ಎಲೆ ಕೊಯ್ದರೆ ಗಿಡ ಮತ್ತೆ ಚಿಗುರುತ್ತದೆ, ಬೇರು ಕಿತ್ತರೆ ಆ ಗಿಡದ ಕಥೆ ಮುಗಿಯಿತು.